ಕಲಬುರಗಿಯಲ್ಲಿ ಫಿಸಿಯಾಲಜಿ ಮಾಸ್ತರಿಕೆ: ಎಂ.ಡಿ. ಸೀಟಿನಿಂದ ಪ್ರಾಧ್ಯಾಪಕ ಹುದ್ದೆಯವರೆಗೆ

ಪ್ರತಿ ವರ್ಷ ಪಿ.ಜಿ. ಕೌನ್ಸೆಲಿಂಗ್ ಮುಗಿಯುವ ಹೊತ್ತಿಗೆ, ಎಂ.ಬಿ.ಬಿ.ಎಸ್. ಮುಗಿಸಿದ ಯಾರಾದರೊಬ್ಬರು, ಹೆಚ್ಚಾಗಿ ತಂದೆಯನ್ನೂ ಜೊತೆಗೆ ಕರೆದುಕೊಂಡು, ಕಲಬುರಗಿಯ ನಮ್ಮ ವಿಭಾಗದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೆಡಿಸಿನ್ ಸಿಗಲಿಲ್ಲ, ಪೀಡಿಯಾಟ್ರಿಕ್ಸ್ ಕೈತಪ್ಪಿತು, ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಸುವ ಫಿಸಿಯಾಲಜಿ ಸಿಗುತ್ತಿದೆ. ಹಿಡಿಯುವುದೋ, ಇನ್ನೊಂದು ವರ್ಷ ಕೂತು ಓದುವುದೋ ಎಂಬುದು ಅವರ ಪ್ರಶ್ನೆ. ತಂದೆಯ ಪ್ರಶ್ನೆ ಇನ್ನೂ ನೇರವಾಗಿರುತ್ತದೆ: “ಇದನ್ನ ಓದಿದ್ರ ಮುಂದ ದವಾಖಾನಿ ಹಾಕ್ಲಿಕ್ಕಿ ಬರ್ತದೇನ್ರಿ ಸರ್?” ಇಪ್ಪತ್ತು ವರ್ಷಗಳಿಂದ ಇದೇ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡುತ್ತ ಬಂದಿರುವ ನಾನು, ಸೀಟು ಹಿಡಿಯುವುದರಿಂದ ಹಿಡಿದು ಪ್ರಾಧ್ಯಾಪಕರಾಗುವವರೆಗೆ ಈ ದಾರಿಯಲ್ಲಿ ಏನೇನು ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಈ ಭಾಗದ ಕಿರಿಯರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಸೀಟು ಹಿಡಿಯುವ ಮುನ್ನ

ದವಾಖಾನೆ ಹಾಕಬಹುದು ಎಂದೇ ಆ ತಂದೆಗೆ ನಾನು ಹೇಳುತ್ತೇನೆ. ಎಂ.ಬಿ.ಬಿ.ಎಸ್. ನೋಂದಣಿ ಎಲ್ಲಿಗೂ ಹೋಗುವುದಿಲ್ಲ. ಆದರೆ ಪೂರ್ಣಾವಧಿ ಅಧ್ಯಾಪಕರಾದವರು ಕಾಲೇಜಿನ ವೇಳೆಯಲ್ಲಿ ಖಾಸಗಿ ವೃತ್ತಿ ಮಾಡುವಂತಿಲ್ಲ, ಮತ್ತು ಎಂ.ಡಿ. ಫಿಸಿಯಾಲಜಿ ಎಂಬ ಬೋರ್ಡು ನೋಡಿ ಯಾವ ರೋಗಿಯೂ ಒಳಗೆ ಬರುವುದಿಲ್ಲ. ಸಂಜೆಯ ದವಾಖಾನೆಯನ್ನೇ ಮುಖ್ಯ ಆದಾಯವೆಂದು ನಂಬಿ ಈ ವಿಷಯಕ್ಕೆ ಬಂದವರು ನಾಲ್ಕೈದು ವರ್ಷಗಳಲ್ಲಿ ಎರಡು ದೋಣಿಯಲ್ಲಿ ಕಾಲಿಟ್ಟವರಂತಾಗುವುದನ್ನು ನಾನು ಕಂಡಿದ್ದೇನೆ. ಸಂಬಳ ಕ್ಲಿನಿಕಲ್ ಗೆಳೆಯರ ಗಳಿಕೆಗೆ ಎಂದೂ ಸರಿದೂಗುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಫೋನ್ ಬರುವುದಿಲ್ಲ ಎಂಬುದನ್ನು ಆ ಲೆಕ್ಕದ ಇನ್ನೊಂದು ಕಡೆ ಬರೆದುಕೊಳ್ಳಬೇಕು.

ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಹೃದಯ ತುಂಬಿದಷ್ಟೂ ಅದರ ಬಡಿತ ಬಲವಾಗುತ್ತದೆ ಎಂಬ ಸ್ಟಾರ್ಲಿಂಗ್ ನಿಯಮವನ್ನು ಪ್ರತಿ ವರ್ಷ ಹೊಸ 150 ಮುಖಗಳಿಗೆ, ಮೂವತ್ತು ವರ್ಷ, ಬೇಸರವಿಲ್ಲದೆ ಹೇಳಬಲ್ಲಿರಾ? ಹೌದೆನ್ನುವವರಿಗೆ ಈ ವೃತ್ತಿ ಒಲಿಯುತ್ತದೆ. ನಮ್ಮ ವಿಷಯದಲ್ಲಿ ನೆಲೆ ಕಂಡವರೆಲ್ಲ ಪಾಠ ಹೇಳುವುದನ್ನೇ ತಮ್ಮ ಕೆಲಸವೆಂದು ಹಿಡಿದು, ಆ ಕೆಲಸದ ದಾಖಲೆಯನ್ನು ಮೊದಲ ದಿನದಿಂದ ಇಟ್ಟುಕೊಂಡು ಬಂದವರು. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಎಂ.ಬಿ.ಬಿ.ಎಸ್. ಮಾಡದೆ ಎಂ.ಎಸ್ಸಿ. ಮೆಡಿಕಲ್ ಫಿಸಿಯಾಲಜಿ ಮತ್ತು ಪಿಎಚ್.ಡಿ. ಮೂಲಕ ಬರುವ ದಾರಿಯೂ ಇದೆ. ಇಂಥವರಿಗೆ ವೈದ್ಯಕೀಯ ಕಾಲೇಜುಗಳಲ್ಲಿ ಎಷ್ಟು ಹುದ್ದೆ ಎಂಬ ನಿಯಮ ಈಚಿನ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಹಿಂದೆ ಮುಂದೆ ಆಗಿದೆ; ಆದ್ದರಿಂದ ಈ ದಾರಿ ಹಿಡಿಯುವವರು ಸೀನಿಯರ್‌ಗಳ ಮಾತಿಗಿಂತ ಚಾಲ್ತಿಯಲ್ಲಿರುವ ಗೆಜೆಟ್ ಅಧಿಸೂಚನೆಯನ್ನೇ ಓದಿ ಹೆಜ್ಜೆ ಇಡುವುದು ಕ್ಷೇಮ.

ಎಲ್ಲಿ ಸೇರುವುದು

ನಮ್ಮ ಹಿರಿಯರ ಕಾಲದಲ್ಲಿ ಈ ಭಾಗದಲ್ಲಿ ಕಾಲೇಜೆಂದರೆ 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಒಂದೇ. 2000ದಲ್ಲಿ ಖಾಜಾ ಬಂದಾನವಾಜ್ ಸಂಸ್ಥೆಯ ಕಾಲೇಜು, 2007ರಲ್ಲಿ ಬೀದರಿನ ಸರ್ಕಾರಿ ಕಾಲೇಜು ಬ್ರಿಮ್ಸ್, 2013ರಲ್ಲಿ ಕಲಬುರಗಿಯ ಸರ್ಕಾರಿ ಕಾಲೇಜು ಜಿಮ್ಸ್ ಮತ್ತು ಕಾರ್ಮಿಕರ ರಾಜ್ಯ ವಿಮಾ ನಿಗಮದ ಇ.ಎಸ್.ಐ.ಸಿ. ಕಾಲೇಜು, ಅದಾದ ಮೇಲೆ ಯಾದಗಿರಿಯ ಸರ್ಕಾರಿ ಕಾಲೇಜು ಯಿಮ್ಸ್ ಬಂದವು. ಸೇಡಂನಲ್ಲೋ ಶಹಾಪುರದಲ್ಲೋ ಮನೆ ಇಟ್ಟುಕೊಂಡೇ ಈ ವೃತ್ತಿಯಲ್ಲಿ ಬದುಕು ಕಳೆಯಬಹುದು ಎಂಬ ಮಾತು ನಾನು ಸೇರಿದಾಗ ಇರಲಿಲ್ಲ.

ಸರ್ಕಾರಿ ಸ್ವಾಯತ್ತ ಸಂಸ್ಥೆಗಳಿಗೆ ಅರ್ಜಿ ಹಾಕುವವರು ಕಲ್ಯಾಣ ಕರ್ನಾಟಕದವರಿಗೆ ಹುದ್ದೆ ಮೀಸಲಿಡುವ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. 2012ರ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಲಾಭ ನಮ್ಮವರಿಗೆ ನೇಮಕಾತಿಯಲ್ಲಿ ದೊಡ್ಡದು. ಆದರೂ ಅರ್ಜಿಯ ಕೊನೆಯ ದಿನ ತಹಶೀಲ್ದಾರ್ ಕಚೇರಿ, ಸಹಾಯಕ ಆಯುಕ್ತರ ಕಚೇರಿ ಎಂದು ಓಡಾಡುವವರನ್ನು ಪ್ರತಿ ಸಲವೂ ನೋಡುತ್ತೇನೆ. ಇ.ಎಸ್.ಐ.ಸಿ. ಕೇಂದ್ರದ ಸಂಸ್ಥೆಯಾದ್ದರಿಂದ ಅಲ್ಲಿನ ಕಾಯಂ ಹುದ್ದೆಗೆ ಊರಾಚೆಯ ವರ್ಗಾವಣೆಯ ಸಾಧ್ಯತೆಯನ್ನು ಒಪ್ಪಿಕೊಂಡೇ ಸೇರಬೇಕು. ಖಾಸಗಿ ಕಾಲೇಜಿನಲ್ಲಿ ಸೇರುವಾಗ ಸಂಬಳದ ಅಂಕಿಗಿಂತ ಮೊದಲು ಮೂರು ಸಂಗತಿ ವಿಚಾರಿಸಿರಿ: ಸಂಬಳ ಬ್ಯಾಂಕಿಗೆ ತಿಂಗಳು ತಿಂಗಳು ಬರುತ್ತದೆಯೇ, ವಿಭಾಗದಲ್ಲಿ ಪಿ.ಜಿ. ಕೋರ್ಸ್ ಇದೆಯೇ, ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಹೊತ್ತಿಗೆ ಸರಿಯಾಗಿ ಸೇರುತ್ತದೆಯೇ. ಮೂರನೆಯದನ್ನು ಯಾರೂ ವಿಚಾರಿಸುವುದಿಲ್ಲ. ಆಮೇಲೆ ಒಂದು ಅನುಮತಿಗಾಗಿ ವರ್ಷ ಕಾಯುತ್ತಾರೆ.

ಕಾಗದದ ಕಡತ

ಇದು ಒಣ ವಿಷಯ. ಆದರೂ ನನ್ನ ಸೇವೆಯ ಎಂಟು ತಿಂಗಳು ನುಂಗಿದ್ದು ಇದೇ. ವೃತ್ತಿಯ ಆರಂಭದಲ್ಲಿ ನಾನು ಕೆಲಸ ಮಾಡಿದ ಒಂದು ಕಾಲೇಜನ್ನು ಬಿಡುವಾಗ, ಬೇರೆ ಕಡೆ ಸೇರುವ ಅವಸರದಲ್ಲಿ ರಿಲೀವಿಂಗ್ ಆರ್ಡರ್ ಆಮೇಲೆ ಕಳಿಸುತ್ತೇವೆ ಎಂಬ ಮಾತನ್ನು ನಂಬಿ ಬಂದುಬಿಟ್ಟೆ. ಅದು ಬಂದಾಗ ಅದರಲ್ಲಿದ್ದ ದಿನಾಂಕಕ್ಕೂ ಹಾಜರಿ ಪುಸ್ತಕದ ದಿನಾಂಕಕ್ಕೂ ತಾಳೆಯಾಗಲಿಲ್ಲ. ತಿದ್ದಿಸಲು ಹೋದಾಗ ಸಹಿ ಮಾಡಿದ ಪ್ರಾಂಶುಪಾಲರು ನಿವೃತ್ತರಾಗಿದ್ದರು, ಗುಮಾಸ್ತರು ಬದಲಾಗಿದ್ದರು. ಬಡ್ತಿಯ ಲೆಕ್ಕದಲ್ಲಿ ಆ ಎಂಟು ತಿಂಗಳನ್ನು ಯಾರೂ ಒಪ್ಪಲಿಲ್ಲ.

ಆ ಮೇಲೆ ನಾನು ಮಾಡಿಕೊಂಡ ರೂಢಿ ಇಷ್ಟು. ಸೇರಿದ ದಿನವೇ ನೇಮಕಾತಿ ಆದೇಶ ಮತ್ತು ಜಾಯಿನಿಂಗ್ ರಿಪೋರ್ಟಿನ ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಳ್ಳುತ್ತೇನೆ. ಪ್ರತಿ ವರ್ಷದ ಫಾರ್ಮ್ 16 ಮತ್ತು ಸಂಬಳ ಜಮೆಯಾದ ಬ್ಯಾಂಕ್ ಪುಟಗಳನ್ನು ಒಂದೇ ಕಡತದಲ್ಲಿ ಇಡುತ್ತೇನೆ. ಬಿಡುವಾಗ ಅನುಭವ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು, ದಿನಾಂಕ ಓದಿ, ಆಮೇಲೆ ಗೇಟು ದಾಟುತ್ತೇನೆ. ಇದನ್ನು ಓದಿ ನಗುವ ಕಿರಿಯರು ಮೊದಲ ಇನ್‌ಸ್ಪೆಕ್ಷನ್‌ನಲ್ಲಿ ಸೇವೆಯ ವಿವರದ ಡಿಕ್ಲರೇಷನ್ ಫಾರ್ಮ್ ತುಂಬುವ ರಾತ್ರಿ ನನಗೆ ಫೋನ್ ಮಾಡುತ್ತಾರೆ.

ಇನ್ನು ಮೆಟ್ಟಿಲುಗಳು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಅಧ್ಯಾಪಕರ ಅರ್ಹತಾ ನಿಯಮಗಳ ಪ್ರಕಾರ, ಎಂ.ಡಿ. ಆದ ಮೇಲೆ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ಕೆಲಸ ಮಾಡಿದವರು ಸಹಾಯಕ ಪ್ರಾಧ್ಯಾಪಕರಾಗುತ್ತಾರೆ; ಅಲ್ಲಿ 4 ವರ್ಷ ಕಳೆದು 2 ಸಂಶೋಧನಾ ಲೇಖನ ಪ್ರಕಟಿಸಿದವರು ಸಹ ಪ್ರಾಧ್ಯಾಪಕರಾಗಲು, ಅದಾದ ಮೇಲೆ 3 ವರ್ಷಕ್ಕೆ ಒಟ್ಟು 4 ಲೇಖನಗಳೊಂದಿಗೆ ಪ್ರಾಧ್ಯಾಪಕರಾಗಲು ಅರ್ಹರು. ಕೇಸ್ ರಿಪೋರ್ಟ್ ಲೆಕ್ಕಕ್ಕಿಲ್ಲ, ಲೇಖಕರ ಸಾಲಿನಲ್ಲಿ ಮೊದಲ ಮೂವರಲ್ಲಿ ಒಬ್ಬರಾಗಿರಬೇಕು ಅಥವಾ ಪತ್ರವ್ಯವಹಾರದ ಲೇಖಕರಾಗಿರಬೇಕು. ಇದರ ಜೊತೆಗೆ ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್ ಮತ್ತು ಬಯೋಮೆಡಿಕಲ್ ಸಂಶೋಧನೆಯ ಬೇಸಿಕ್ ಕೋರ್ಸ್ ಎರಡೂ ಬೇಕು. 2025ರಲ್ಲಿ ಇದರ ಜಾಗದಲ್ಲಿ ಹೊಸ ನಿಯಮಾವಳಿ ಬಂದಿರುವುದರಿಂದ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ಮುದ್ರಿಸಿಕೊಂಡು ಗೆರೆ ಹಾಕಿ ಓದಿರಿ. ಈ ಎರಡು ಕೋರ್ಸುಗಳನ್ನು ಬಡ್ತಿಯ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಸೇರಿದ ಮೊದಲ ಎರಡು ವರ್ಷಗಳಲ್ಲೇ ಮುಗಿಸಿದರೆ ಅಲ್ಲಿ ಕಲಿತದ್ದು ಪಾಠಕ್ಕೂ ಒದಗುತ್ತದೆ.

ಲ್ಯಾಬು

ಹೊಸದಾಗಿ ಸೇರಿದವರಿಗೆ ಲೆಕ್ಚರ್ ಹಾಲಿನ ಮೇಲೆ ಆಸೆ ಇರುತ್ತದೆ. ಪಿಪಿಟಿ ಚೆಂದ ಮಾಡಿಕೊಂಡು ಮೈಕು ಹಿಡಿದರೆ ಮಾಸ್ತರರಾದೆವು ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಫಿಸಿಯಾಲಜಿ ಅಧ್ಯಾಪಕರು ತಯಾರಾಗುವುದು ರಕ್ತ ಪರೀಕ್ಷೆ ಕಲಿಸುವ ಹಿಮಟಾಲಜಿ ಲ್ಯಾಬಿನಲ್ಲಿ. ಅಲ್ಲಿ ವಿದ್ಯಾರ್ಥಿ ನಿಮ್ಮ ಕೈಯನ್ನು ನೋಡುತ್ತಾನೆ, ನೀವು ಅವನ ಕೈಯನ್ನು ನೋಡುತ್ತೀರಿ. ತಿಳಿದಿಲ್ಲದ್ದನ್ನು ಇಬ್ಬರೂ ಮುಚ್ಚಿಡಲಾಗುವುದಿಲ್ಲ.

ಕೆಂಪು ರಕ್ತಕಣ ಎಣಿಸುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಕೆಂಪು ಮಣಿಯ ಪಿಪೆಟ್ಟಿನಲ್ಲಿ 0.5 ಗುರುತಿನವರೆಗೆ ರಕ್ತ, 101ರವರೆಗೆ ರಕ್ತ ತೆಳುವಾಗಿಸುವ ಹೇಯೆಮ್ ದ್ರಾವಣ ಎಳೆಯಬೇಕು. ಅಂಗೈಗಳ ನಡುವೆ ಉರುಳಿಸಿ, ಮೊದಲ ಕೆಲವು ಹನಿ ಚೆಲ್ಲಿ, ಎಣಿಸಲು ಚೌಕಗಳ ಗೆರೆ ಕೊರೆದ ಗಾಜಿನ ನ್ಯೂಬಾವರ್ ಚೇಂಬರಿನ ಮೇಲಿನ ಕವರ್‌ಸ್ಲಿಪ್ಪಿನ ಅಂಚಿಗೆ ಪಿಪೆಟ್ಟಿನ ತುದಿಯನ್ನು ಓರೆಯಾಗಿ ತಾಗಿಸಿದರೆ ದ್ರವ ತಾನೇ ಒಳಗೆ ಸರಿಯುತ್ತದೆ. ಇಲ್ಲಿ ಹತ್ತರಲ್ಲಿ ಎಂಟು ಜನ ಊದುತ್ತಾರೆ. ಊದಿದರೆ ದ್ರವ ಪಕ್ಕದ ಕಾಲುವೆಗೆ ಇಳಿದು, ಕವರ್‌ಸ್ಲಿಪ್ಪು ತೇಲಿ, ಎಣಿಕೆ ಹೆಚ್ಚಾಗಿ ಬರುತ್ತದೆ. “ಊದಬೇಡಿ” ಎಂದು ಹತ್ತು ಸಲ ಹೇಳುವುದಕ್ಕಿಂತ, ಒಬ್ಬರಿಗೆ ಊದಲು ಬಿಟ್ಟು, ಇನ್ನೊಬ್ಬರಿಗೆ ಸರಿಯಾಗಿ ಹಾಕಲು ಹೇಳಿ, ಎರಡೂ ಎಣಿಕೆಗಳನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಸಿರಿ. ಒಂದೇ ಬೆರಳಿನ ರಕ್ತ, ಎರಡು ಉತ್ತರ. ಆ ಬ್ಯಾಚಿನವರು ಮುಂದೆ ವಾರ್ಡಿನಲ್ಲಿ ಲ್ಯಾಬ್ ರಿಪೋರ್ಟ್ ಹಿಡಿದಾಗ ಅಂಕಿಯ ಹಿಂದೆ ಒಂದು ಕೈ ಇದೆ ಎಂಬುದನ್ನು ನೆನೆಯುತ್ತಾರೆ.

ಎಣಿಸಿದ ಮೇಲೆ 10,000ದಿಂದ ಏಕೆ ಗುಣಿಸುತ್ತೀರಿ ಎಂದು ಕೇಳಿದರೆ ರೆಕಾರ್ಡಿನಲ್ಲಿ ಹಾಗೆ ಇದೆ ಎಂಬುದೇ ಉತ್ತರ. ಆಗ ಚಾಕ್‌ಪೀಸ್ ಕೈಗೆ ಕೊಡಬೇಕು. ಅತಿ ಸಣ್ಣ ಚೌಕದ ವಿಸ್ತೀರ್ಣ ಒಂದು ಚದರ ಮಿಲಿಮೀಟರಿನ 400ನೇ ಒಂದು ಭಾಗ, ಆಳ ಮಿಲಿಮೀಟರಿನ ಹತ್ತನೇ ಒಂದು. ಅಂಥ 80 ಚೌಕ ಸೇರಿದರೆ ಘನ ಮಿಲಿಮೀಟರಿನ 50ನೇ ಒಂದು ಭಾಗ. ರಕ್ತವನ್ನು 200 ಪಟ್ಟು ತೆಳುವಾಗಿಸಿದ್ದೇವೆ. 50ನ್ನು 200ರಿಂದ ಗುಣಿಸಿದರೆ 10,000. ಬಿಳಿ ಕಣಕ್ಕೆ ಅದೇ ದಾರಿಯಲ್ಲಿ 50 ಬರುತ್ತದೆ, ಅದನ್ನು ಅವರೇ ಮಾಡಲಿ. ಆಸ್ಪತ್ರೆಯಲ್ಲಿ ಯಂತ್ರ ನಿಮಿಷದಲ್ಲಿ ಎಣಿಸುವಾಗ ಇದೇಕೆ ಸರ್ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ, ಕೇಳಲೂಬೇಕು. ಯಂತ್ರಕ್ಕೂ ತಪ್ಪುವ ಜಾಗಗಳಿವೆ, ಅವು ಎಲ್ಲಿರುತ್ತವೆ ಎಂದು ಊಹಿಸಲು ಕೈಯಿಂದ ಒಮ್ಮೆ ತಪ್ಪಿ ನೋಡಿರಬೇಕು ಎಂಬುದು ನನ್ನ ಉತ್ತರ.

ಬೆರಳು ಚುಚ್ಚುವ ಮೊದಲ ವಾರದಲ್ಲಿ ಯಾರೋ ಒಬ್ಬರು ತಲೆಸುತ್ತಿ ಕುಸಿಯುತ್ತಾರೆ, ಇದಕ್ಕೆ ಸಿದ್ಧರಾಗಿರಿ. ಎತ್ತಿ ಕುರ್ಚಿಯಲ್ಲಿ ಕೂರಿಸಬಾರದು. ಮಲಗಿಸಿ ಕಾಲು ಎತ್ತಬೇಕು. ಒಂದೆರಡು ನಿಮಿಷಕ್ಕೆ ಹುಡುಗ ಕಣ್ಣು ಬಿಟ್ಟು ನಾಚಿಕೊಂಡು ನಗುತ್ತಾನೆ. ಅವನ ಅನುಮತಿ ಕೇಳಿಕೊಂಡು, ಅವನ ಸುತ್ತಲೇ ಪಾಠ ಮಾಡಿರಿ: ರಕ್ತ ಕಂಡು ವೇಗಸ್ ನರ ಹೃದಯದ ಬಡಿತವನ್ನು ಇಳಿಸಿತು, ರಕ್ತನಾಳಗಳು ಸಡಿಲಗೊಂಡವು, ಒತ್ತಡ ಬಿತ್ತು, ಮಿದುಳಿಗೆ ರಕ್ತ ಸಾಲದೆ ಪ್ರಜ್ಞೆ ತಪ್ಪಿತು, ಬಿದ್ದದ್ದರಿಂದಲೇ ತಲೆ ಹೃದಯದ ಮಟ್ಟಕ್ಕೆ ಬಂದು ರಕ್ತ ಮತ್ತೆ ಹರಿಯಿತು. ಬೀಳುವುದೇ ಮದ್ದು. ನನ್ನ ಮೊದಲ ವರ್ಷದಲ್ಲಿ ನಾನೂ ಗಾಬರಿಯಿಂದ ನೀರು ಚಿಮುಕಿಸಿದ್ದೆ. ವಿಭಾಗದ ಅಟೆಂಡರ್ ಕಾಕಾ ಬಂದು, “ಕಾಲ್ ಎತ್ರಿ ಸರ್, ಮೊದ್ಲ ಕಾಲ್ ಎತ್ರಿ” ಎಂದು ಸ್ಟೂಲು ಎಳೆದು ಕೊಟ್ಟರು. ಅಂಥ ಹಿರಿಯ ಸಿಬ್ಬಂದಿಯ ಹತ್ತಿರ ಕಲಿಯಲು ಸಂಕೋಚಪಡಬೇಡಿ. ಯಾವ ಸೂಕ್ಷ್ಮದರ್ಶಕದ ಸ್ಕ್ರೂ ಜಾರುತ್ತದೆ, ಯಾವ ಬಿ.ಪಿ. ಉಪಕರಣದ ವಾಲ್ವು ಸೋರುತ್ತದೆ ಎಂಬುದು ಅವರಿಗೆ ಬಾಯಿಪಾಠ.

ನಾವು ಓದಿದ ಕಾಲದಲ್ಲಿ ಕಪ್ಪೆಯ ಸ್ನಾಯು, ಅದರ ಚಲನೆ ಗೀರಿಸಲು ಹೊಗೆ ಹಿಡಿಸಿದ ಡ್ರಮ್ಮು, ಕೈಯೆಲ್ಲ ಮಸಿ. ಈಗ ಎಂ.ಬಿ.ಬಿ.ಎಸ್. ಮಟ್ಟದಲ್ಲಿ ಅವೆಲ್ಲ ಕಂಪ್ಯೂಟರ್ ಪರದೆಗೆ ಬಂದಿವೆ. ಕಪ್ಪೆಗಳು ಉಳಿದವು, ಒಳ್ಳೆಯದೇ. ಆದರೆ ಪರದೆಯ ಗ್ರಾಫು ಯಾವಾಗಲೂ ಸರಿಯಾಗಿಯೇ ಬರುವುದರಿಂದ, ಪ್ರಯೋಗ ಕೆಟ್ಟಾಗ ಕಾರಣ ಹುಡುಕುವ ಅಭ್ಯಾಸವನ್ನು ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ, ಅಂದರೆ ಸ್ನಾಯುವಿನ ದಣಿವು ಅಳೆಯುವ ಎರ್ಗೋಗ್ರಾಫ್, ಊದಿಸಿ ಉಸಿರಿನ ಪ್ರಮಾಣ ಅಳೆಯುವ ಸ್ಪೈರೋಮೆಟ್ರಿ, ಇ.ಸಿ.ಜಿ.ಗಳಲ್ಲಿ ನಾವು ಬೇಕೆಂದೇ ತುಂಬಿಕೊಡಬೇಕಾಗಿದೆ.

ಗಡಿಗೆ, ಕೂಲರ್, ಬೆವರು

ಲೆಕ್ಚರಿಗೆ ಬೇಕಾದ ಉದಾಹರಣೆಗಳನ್ನು ವಿದೇಶಿ ಪಠ್ಯದಿಂದ ಎತ್ತಿ ತರಬೇಡಿ. ಚಳಿಯಲ್ಲಿ ನಡುಗುವ ಮನುಷ್ಯನ ಚಿತ್ರದಿಂದ ದೇಹದ ಉಷ್ಣತೆಯ ಪಾಠ ಆರಂಭಿಸುವವರು ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯ ಹುಡುಗರಿಗೆ ಏನು ಹೇಳಿದಂತಾಯಿತು?

ಆ ಪಾಠವನ್ನು ನಾನು ವಿಭಾಗದ ಮೂಲೆಯಲ್ಲಿರುವ ಮಣ್ಣಿನ ಗಡಿಗೆಯಿಂದ ಶುರು ಮಾಡುತ್ತೇನೆ. ಗಡಿಗೆಯ ನೀರು ಏಕೆ ತಣ್ಣಗಿದೆ? ಅದರ ಮೈಯಿಂದ ಒಸರಿದ ನೀರು ಆರುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಮನೆಯ ಕೂಲರು ಇಲ್ಲಿ ಏಪ್ರಿಲ್‌ನಲ್ಲಿ ಕೆಲಸ ಮಾಡಿ, ಮಳೆ ಹಿಡಿದ ಜುಲೈನಲ್ಲಿ ಬರೀ ಜಿಡ್ಡು ಗಾಳಿ ಕೊಡುವುದು ಏಕೆ? ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ನೀರು ಆರುವುದಿಲ್ಲ. ಇಷ್ಟಾದ ಮೇಲೆ ಬೆವರಿಗೆ ಬರುತ್ತೇನೆ. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ವಿಕಿರಣವೂ ವಹನವೂ ಶಾಖವನ್ನು ಹೊರಗೆ ಹಾಕುವ ಬದಲು ಒಳಗೆ ತರುತ್ತವೆ. ಉಳಿಯುವ ದಾರಿ ಬಾಷ್ಪೀಕರಣ ಒಂದೇ. ಒಂದು ಲೀಟರ್ ಬೆವರು ಮೈಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕಿದರೆ, ಟವಲಿನಲ್ಲಿ ಒರೆಸಿದರೆ, ಆ ಲಾಭವಿಲ್ಲ. ಮಂಗಳೂರಿನಲ್ಲಿ 33 ಡಿಗ್ರಿಗೇ ಸುಸ್ತಾಗುವ ನಮ್ಮೂರ ಹುಡುಗಿ ಇಲ್ಲಿ 41ರಲ್ಲಿ ಓಡಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅವರ ಬಾಯಿಂದಲೇ ಬರುತ್ತದೆ. ಹಾಗೆ ಬರುವವರೆಗೆ ಮುಂದಿನ ಸ್ಲೈಡಿಗೆ ಹೋಗಬೇಡಿ.

ಜೀವಕೋಶದ ಪೊರೆಯ ಮೂಲಕ ಲವಣಗಳ ಸಾಗಣೆಯ ಪಾಠ ಇನ್ನೂ ಒಣಗಿದ್ದು. ಅದಕ್ಕೆ ಓ.ಆರ್.ಎಸ್. ಪೊಟ್ಟಣವೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಒಂದು ಲೀಟರಿಗೆ 20.5 ಗ್ರಾಂ, ಅದರಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್. ಭೇದಿಗೆ ಉಪ್ಪು ನೀರು ಸಾಲದೇ, ಸಕ್ಕರೆ ಏಕೆ? ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ವಾಹಕದ ಮೇಲೆ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಕಾಲರಾ ಬಂದಾಗಲೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದು ಹೋದಾಗ ಡಾ. ದಿಲೀಪ್ ಮಹಾಲನಾಬಿಸ್ ಅವರು ಡ್ರಮ್ಮುಗಳಲ್ಲಿ ಈ ನೀರು ಕಲಸಿ ಕೊಟ್ಟ ಕಥೆಯನ್ನು ಹೇಳಿದ ಮೇಲೆ ಸೋಡಿಯಂ-ಗ್ಲೂಕೋಸ್ ವಾಹಕವನ್ನು ಯಾರೂ ಮರೆತದ್ದನ್ನು ನಾನು ಕಾಣೆ.

ದಮ್ಮು ಹತ್ತತದ್ರಿ

2019ರ ಬ್ಯಾಚಿನಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಸಾಮರ್ಥ್ಯಾಧಾರಿತ ಪಠ್ಯಕ್ರಮ ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳನ್ನು ರೋಗಿಯ ಹತ್ತಿರ ಕರೆದೊಯ್ಯಲು ಹೇಳುತ್ತದೆ. ಫೌಂಡೇಷನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ತರಗತಿಯೂ ಇದೆ. ಬಹಳ ಕಡೆ ಈ ಎರಡೂ ಲಾಗ್‌ಬುಕ್ಕಿನ ಸಹಿಗೆ ಸೀಮಿತವಾಗಿವೆ ಎಂಬುದು ನನ್ನ ದೂರು. ಎರಡನ್ನೂ ಸೇರಿಸಿ ಕಲಿಸಿ ನೋಡಿರಿ.

ನಮ್ಮ ತರಗತಿಯಲ್ಲಿ ರಾಜಸ್ಥಾನದ ಹುಡುಗನಿಗೂ ಕೇರಳದ ಹುಡುಗಿಗೂ ಪುಸ್ತಕದ ಕನ್ನಡ ಕಲಿಸಿ ಪ್ರಯೋಜನವಿಲ್ಲ. ಹೊರರೋಗಿ ವಿಭಾಗದಲ್ಲಿ ಆಳಂದದ ಅಜ್ಜಿ “ಉಸಿರಾಟದ ತೊಂದರೆ” ಎನ್ನುವುದಿಲ್ಲ. “ದಮ್ಮು ಹತ್ತತದ್ರಿ” ಎನ್ನುತ್ತಾಳೆ. “ಎದಿ ಡವಡವ ಅಂತದ”, “ಚಕ್ಕರ್ ಬರ್ತದ”, “ಕಣ್ಣಿಗಿ ಕತ್ತಲಿ ಬರ್ತದ”, “ಕೈಕಾಲ ಜುಂ ಅಂತಾವ” ಎಂಬ ಮಾತುಗಳನ್ನು ಹುಡುಗರಿಂದಲೇ ಪಟ್ಟಿ ಮಾಡಿಸಿ, ಪ್ರತಿಯೊಂದರ ಎದುರಿಗೆ ದೇಹದಲ್ಲಿ ಏನಾಗುತ್ತಿದೆ ಎಂದು ಬರೆಸುತ್ತೇನೆ. ಕಣ್ಣಿಗೆ ಕತ್ತಲೆ ಬರುವುದು ಕುಳಿತವರು ಎದ್ದಾಗಲೋ, ನಿಂತಲ್ಲೇ ನಿಂತಾಗಲೋ ಎಂದು ಕೇಳಿಕೊಂಡು ಬಾ ಎಂದು ವಾರ್ಡಿಗೆ ಕಳಿಸಿದರೆ, ರಕ್ತದೊತ್ತಡದ ಏರಿಳಿತ ಗ್ರಹಿಸುವ ಬ್ಯಾರೋರಿಸೆಪ್ಟರ್ ಪಾಠದ ಅರ್ಧ ಅಲ್ಲಿಯೇ ಮುಗಿದಿರುತ್ತದೆ. “ಅವ್ವಾ, ಯಾವಾಗಿಂದ ಹಿಂಗ ಆಗ್ಲಿಕತ್ತದ?” ಎಂದು ಕೇಳುವುದನ್ನು ಕಲಿತ ಹೊರನಾಡಿನ ಹುಡುಗರಿಗೆ ನಮ್ಮ ರೋಗಿಗಳು ತೋರುವ ಪ್ರೀತಿಯನ್ನು ಬೇರೆಯೇ ಬರೆಯಬೇಕು. ದಖನಿ ಉರ್ದುವಿನಲ್ಲೂ ಇಂಥದೇ ಪಟ್ಟಿ ಬೇಕು. ಬೀದರ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು.

ಸಂಶೋಧನೆ

ಬಡ್ತಿಗೆ ನಾಲ್ಕು ಲೇಖನ ಬೇಕೆಂಬ ಕಾರಣಕ್ಕೆ ಸಂಶೋಧನೆ ಆರಂಭಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾನೂ ಹಾಗೆಯೇ ಆರಂಭಿಸಿದವನು. ದೊಡ್ಡ ಉಪಕರಣವಿಲ್ಲ, ಅನುದಾನವಿಲ್ಲ ಎಂದು ಕೈಕಟ್ಟಿ ಕೂರಬಾರದು, ಅಷ್ಟೆ. ಎರಡು ಗಣಿಗಳು ನಿಮ್ಮ ಕಾಲಬುಡದಲ್ಲೇ ಇವೆ.

ಮೊದಲನೆಯದು ನಿಮ್ಮ ತರಗತಿ. ಇಂಟರ್ನಲ್ಸ್ ಪರೀಕ್ಷೆಯ ಬಹು ಆಯ್ಕೆಯ ಪ್ರಶ್ನೆಗಳ ಉತ್ತರಗಳನ್ನು ಎಸೆಯಬೇಡಿ. ಪ್ರತಿ ಪ್ರಶ್ನೆಯನ್ನು ಶೇಕಡ ಎಷ್ಟು ಮಂದಿ ಸರಿ ಮಾಡಿದರು, ಹೆಚ್ಚು ಅಂಕದವರಿಗೂ ಕಡಿಮೆ ಅಂಕದವರಿಗೂ ಆ ಪ್ರಶ್ನೆಯಲ್ಲಿ ಎಷ್ಟು ಅಂತರ ಬಂತು ಎಂದು ಲೆಕ್ಕ ಹಾಕಿದರೆ, ನೀವು ಜಾಣ ಪ್ರಶ್ನೆಯೆಂದು ಹೆಮ್ಮೆಪಟ್ಟದ್ದನ್ನು ಜಾಣರೇ ತಪ್ಪು ಮಾಡಿದ್ದು ಕಾಣುತ್ತದೆ. ತಪ್ಪು ಪ್ರಶ್ನೆಯದೇ. ಮೂರು ವರ್ಷ ಹೀಗೆ ಇಟ್ಟ ಲೆಕ್ಕ ಒಂದು ಒಳ್ಳೆಯ ಲೇಖನ. ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹವೂ ಸಂಶೋಧನೆಯಾದರೆ ಎಥಿಕ್ಸ್ ಕಮಿಟಿಯ ಅನುಮತಿಯನ್ನು ಮೊದಲೇ ಪಡೆಯಬೇಕು; ಮಾಡಿ ಮುಗಿಸಿದ ಮೇಲೆ ಹಿಂದಿನ ದಿನಾಂಕಕ್ಕೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಬೋಧನೆಯ ಈ ಮಗ್ಗುಲಿನಲ್ಲಿ ಆಸಕ್ತಿ ಬೆಳೆದರೆ ಆಯೋಗದ ಅಡ್ವಾನ್ಸ್ಡ್ ಕೋರ್ಸ್ ಇದೆ, ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜು ನಮಗೆ ಹತ್ತಿರದ ದೊಡ್ಡ ಕೇಂದ್ರ. ಮುಂಬಯಿ, ಲುಧಿಯಾನ, ಕೊಯಮತ್ತೂರುಗಳಲ್ಲಿ ವೈದ್ಯಕೀಯ ಅಧ್ಯಾಪಕರಿಗಾಗಿ ಫೈಮರ್ ಫೆಲೋಶಿಪ್ ಕೂಡ ಇದೆ.

ಎರಡನೆಯದು ನಮ್ಮ ಸೀಮೆಯ ದುಡಿಮೆ. ಶಹಾಬಾದಿನ ಕಲ್ಲುಗಣಿ ಮತ್ತು ಪಾಲಿಶ್ ಘಟಕಗಳು, ವಾಡಿ, ಸೇಡಂ, ಮಳಖೇಡದ ಸಿಮೆಂಟು, ಕಲಬುರಗಿಯ ತೊಗರಿ ದಾಲ್ ಮಿಲ್ಲುಗಳು, ಬೀದರಿನಲ್ಲಿ ಸತು-ತಾಮ್ರದ ಎರಕ ಹೊಯ್ದು ಕೆತ್ತುವ ಬಿದರಿ ಕುಶಲಕರ್ಮಿಗಳು. ಎಲ್ಲೆಡೆಯೂ ಒಂದಲ್ಲ ಒಂದು ಧೂಳು, ಹೊಗೆ. ಒಂದು ಸ್ಪೈರೋಮೀಟರು ಇದ್ದರೆ ಅಧ್ಯಯನ ಸಾಧ್ಯ. ಆದರೆ ಅವಸರ ಬೇಡ. ಪ್ರತಿ ದಿನ 3 ಲೀಟರಿನ ಸಿರಿಂಜಿನಿಂದ ಯಂತ್ರವನ್ನು ಪರೀಕ್ಷಿಸಬೇಕು, ವಯಸ್ಸು, ಎತ್ತರ, ಬೀಡಿ ಸೇದುವ ಅಭ್ಯಾಸಗಳಲ್ಲಿ ಕಾರ್ಮಿಕರಿಗೆ ಸರಿಹೊಂದುವ, ಆದರೆ ಧೂಳಿಗೆ ಹೋಗದ ಇನ್ನೊಂದು ಗುಂಪು ಬೇಕು, ಒಬ್ಬೊಬ್ಬರಿಂದ ಸರಿಯಾದ ಮೂರು ಊದು ಬರಬೇಕು ಮತ್ತು ಅವುಗಳಲ್ಲಿ ದೊಡ್ಡವೆರಡರ ಅಂತರ 150 ಮಿಲಿಲೀಟರ್ ಮೀರಬಾರದು. ಕಾರ್ಖಾನೆಯ ಮಾಲೀಕರ ಅನುಮತಿಗಿಂತ ಕಾರ್ಮಿಕನ ಒಪ್ಪಿಗೆ ಮುಖ್ಯ. ಒಪ್ಪಿಗೆ ಪತ್ರ ಅವನು ಓದಬಲ್ಲ ಕನ್ನಡದಲ್ಲೋ ಉರ್ದುವಿನಲ್ಲೋ ಇರಲಿ. ಇಷ್ಟೆಲ್ಲ ಮಾಡಿಕೊಂಡು ಹೋದ ನನ್ನ ಮೊದಲ ದಿನ ಕಾರ್ಮಿಕರೆಲ್ಲ ಎರಡು ಸೆಕೆಂಡು ಊದಿ ನಿಲ್ಲಿಸಿದರು, ಏಕೆಂದರೆ ನಾನು “ದೀರ್ಘವಾಗಿ ನಿಶ್ವಾಸ ಬಿಡಿ” ಎಂದಿದ್ದೆ. ಜೊತೆಗಿದ್ದ ಟೆಕ್ನೀಷಿಯನ್ “ಜೋರ್ ಊದ್ರಿ ಅಣ್ಣಾ, ಇನ್ನಾ ಊದ್ರಿ, ಬಿಡಬ್ಯಾಡ್ರಿ, ಇನ್ನಾ ಇನ್ನಾ” ಎಂದು ಕೂಗಿದ ಮೇಲೆ ಗ್ರಾಫು ಆರು ಸೆಕೆಂಡು ದಾಟಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಸಂಶೋಧನೆಗಾಗಿ 1979ರಿಂದ ಕೊಡುತ್ತಿರುವ ಅಲ್ಪಾವಧಿ ವಿದ್ಯಾರ್ಥಿವೇತನಕ್ಕೆ ಪ್ರತಿ ವರ್ಷ ಒಬ್ಬರನ್ನಾದರೂ ಸಿದ್ಧಪಡಿಸಿರಿ. ಬರೆಯುವ ಅಭ್ಯಾಸ ಅವರಿಗಿಂತ ಹೆಚ್ಚು ನಿಮಗೆ ಆಗುತ್ತದೆ.

ಪ್ರಕಟಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಳಗಾದರೆ ಇಮೇಲಿಗೆ “ಗೌರವಾನ್ವಿತ ವಿದ್ವಾಂಸರೇ” ಎಂದು ಬರುವ ಪತ್ರಿಕೆಗಳು ಹಣ ಪಡೆದು ವಾರದಲ್ಲಿ ಅಚ್ಚು ಹಾಕುತ್ತವೆ. ನನ್ನ ಗೆಳೆಯರೊಬ್ಬರು ಅಂಥ ಎರಡರಲ್ಲಿ ಪ್ರಕಟಿಸಿ, ಬಡ್ತಿಯ ಸಂದರ್ಶನದಲ್ಲಿ ಎರಡೂ ಲೆಕ್ಕಕ್ಕೆ ಬಾರದೆ ಎರಡು ವರ್ಷ ಕಳೆದುಕೊಂಡರು. ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಸ್ಕೋಪಸ್, ಎಂಬೇಸ್ ಮುಂತಾಗಿ ನಿಯಮದಲ್ಲಿ ಹೆಸರಿಸಿದ ಸೂಚಿಗಳಲ್ಲಿ ಪತ್ರಿಕೆ ಇದೆಯೇ ಎಂಬುದನ್ನು ಆ ಪತ್ರಿಕೆಯ ಜಾಲತಾಣದ ಮಾತು ನಂಬದೆ ಸೂಚಿಯಲ್ಲೇ ಹುಡುಕಿ ನೋಡಿ, ಆ ದಿನದ ಪುಟವನ್ನು ಮುದ್ರಿಸಿ ಮೇಲೆ ಹೇಳಿದ ಕಡತಕ್ಕೆ ಸೇರಿಸಿರಿ.

ಪರೀಕ್ಷಕರ ಕುರ್ಚಿ

ಕೆಲವು ವರ್ಷ ಕಳೆದ ಮೇಲೆ ಬೇರೆ ಕಾಲೇಜಿಗೆ ಬಾಹ್ಯ ಪರೀಕ್ಷಕರಾಗಿ ಹೋಗುವ ಆದೇಶ ಬರುತ್ತದೆ. ಪರೀಕ್ಷೆ ಮುಗಿಸಿ ಬಂದ ಮೇಲೆ ಆ ವಿಭಾಗದವರು ನಿಮ್ಮ ಬಗ್ಗೆ ಆಡುವ ಮಾತು ನಿಮ್ಮ ಹೆಸರಾಗಿ ಊರೂರು ತಿರುಗುತ್ತದೆ, ಆದ್ದರಿಂದ ಇದನ್ನು ಪ್ರವಾಸವೆಂದು ಎಣಿಸಬೇಡಿ. ಹಿಂದಿನ ರಾತ್ರಿಯೇ ವೈವಾ ಪ್ರಶ್ನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ಬರೆದುಕೊಳ್ಳಿ. ಎಲ್ಲರಿಗೂ ಅದೇ ಏಣಿ ಇರಲಿ. ಬೆಳಗಿನ ಹುಡುಗನಿಗೆ ಹತ್ತು ಮೆಟ್ಟಿಲು, ಸಂಜೆ ನೀವು ದಣಿದಾಗ ಬಂದ ಹುಡುಗಿಗೆ ಎರಡು ಎಂದಾಗಬಾರದು.

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದರೆ, “ನಿಮಗೆ ಹ್ಯಾಂಗ ತಿಳಿದದ ಹಾಂಗ ಹೇಳ್ರಿ” ಎಂದು ಬಿಡುತ್ತೇನೆ. ಕಳೆದ ವರ್ಷ ಹೀಗೆ ಬಿಟ್ಟಾಗ ಯಾದಗಿರಿ ಕಡೆಯ ಹುಡುಗಿಯೊಬ್ಬಳು, ಮೂರು ನಿಮಿಷ ಬಾಯಿ ಬಿಡದೆ ಕುಳಿತಿದ್ದವಳು, ಬಿಸಿಲಿನಲ್ಲಿ ತೊಗರಿ ಕೊಯ್ಯುವ ತನ್ನ ಅವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳದೆ ಗಾಳಿಗೆ ಮುಖ ಒಡ್ಡಿ ನಿಲ್ಲುವುದರಿಂದ ಹಿಡಿದು ದೇಹದ ಉಷ್ಣತೆ ಕಾಯುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ವರೆಗೆ ಒಂದೇ ಉಸಿರಿನಲ್ಲಿ ಹೇಳಿದಳು. ಪಕ್ಕದಲ್ಲಿದ್ದ ಸಹ ಪರೀಕ್ಷಕರು ಅಂಕಪಟ್ಟಿಯಲ್ಲಿ ಆಗಲೇ ಬರೆದಿದ್ದ ಅಂಕಿಯನ್ನು ಹೊಡೆದು, ಮೇಲೆ ಹೊಸದನ್ನು ಬರೆದು, ನನ್ನ ಸಹಿಗೆ ಸರಿಸಿದರು.